ಮಾಗಿ ಚಳಿಯಲ್ಲಿ ಮಗುವನ್ನು ಹೊರಗೆ ಕರೆದೊಯ್ಯಬಹುದೇ?

ಪ್ರಶ್ನೆ: ನಮ್ಮ ಮಗಳಿಗೆ ಎರಡೂವರೆ ವರ್ಷ. ಮೈಸೂರಿನಲ್ಲಿದ್ದೇವೆ. ಡಿಸೆಂಬರ್ ಬಂತೆಂದರೆ ನಮ್ಮ ಅತ್ತೆಯವರು ಮಗುವನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಶೀತವಾಗುತ್ತದೆ, ಎದೆ ಕಟ್ಟುತ್ತದೆ ಎನ್ನುತ್ತಾರೆ. ಮಗುವಾದರೋ ಮನೆಯೊಳಗೇ ಇದ್ದು ಇದ್ದು ಹಟ ಮಾಡುತ್ತದೆ, ಮೊಬೈಲ್ ಕೇಳುತ್ತದೆ. ಚಳಿಗಾಲದಲ್ಲಿ ಇಷ್ಟು ಚಿಕ್ಕವರನ್ನು ಹೊರಗೆ ಕರೆದುಕೊಂಡು ಹೋಗಬಹುದೇ? ಹೋದರೆ ಎಲ್ಲಿಗೆ?

ಉತ್ತರ: ಖಂಡಿತ ಹೋಗಬಹುದು, ದಿನವೂ ಹೋಗಬಹುದು. ಹೊತ್ತು ನೋಡಿಕೊಂಡು ಹೊರಡಬೇಕು, ಅಷ್ಟೇ.

ಮೈಸೂರಿನ ಮಾಗಿ ಚಳಿ ನಸುಕಿನದು. ಜನವರಿಯ ಬೆಳಗಿನ ಜಾವ 15–16 ಡಿಗ್ರಿಗೆ ಇಳಿದಿರುವ ಉಷ್ಣಾಂಶ ಮಧ್ಯಾಹ್ನಕ್ಕೆ 28ರ ಹತ್ತಿರ ಹೋಗುತ್ತದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂವರೆಯವರೆಗೆ ಸಿಗುವ ಎಳೆಬಿಸಿಲಿನಷ್ಟು ಹಿತವಾದ ಬಿಸಿಲು ವರ್ಷದ ಬೇರೆ ಯಾವ ತಿಂಗಳಲ್ಲೂ ಸಿಗುವುದಿಲ್ಲ. ಅದನ್ನು ಮಕ್ಕಳಿಂದ ತಪ್ಪಿಸಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ನೆಗಡಿ ತರುವುದು ವೈರಸ್. ಕಿಟಕಿ ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಒಟ್ಟಿಗೆ ಕುಳಿತಾಗ ಅದು ಒಬ್ಬರಿಂದೊಬ್ಬರಿಗೆ ಸುಲಭವಾಗಿ ಹರಡುತ್ತದೆ. ಬಯಲಿನಲ್ಲಿ ಅಷ್ಟು ಸುಲಭವಲ್ಲ. ಹಾಗೆಂದು ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಉಬ್ಬಸದ ಮಕ್ಕಳಿಗೆ ತಣ್ಣನೆಯ ಒಣಗಾಳಿ ಆಗಿಬರುವುದಿಲ್ಲ. ಇಬ್ಬನಿ ಬಿದ್ದ ಹುಲ್ಲಿನಲ್ಲಿ ಆಡಿ ಒದ್ದೆಯಾದ ಕಾಲುಚೀಲದಲ್ಲೇ ಗಂಟೆಗಟ್ಟಲೆ ಇರುವುದೂ ಒಳ್ಳೆಯದಲ್ಲ. ಎರಡು ಮೂರು ತಿಂಗಳ ಹಸುಗೂಸನ್ನು ಜಾತ್ರೆ, ಮದುವೆಯ ಜನಜಂಗುಳಿಗೆ ಒಯ್ಯದಿರುವುದೇ ಸರಿ. ಇಷ್ಟನ್ನು ಒಪ್ಪಿಕೊಂಡು, ‘ಬಿಸಿಲು ಬಂದ ಮೇಲೆ ಹೋಗುತ್ತೇವೆ, ಹೊತ್ತು ಮುಳುಗುವ ಮೊದಲು ಬರುತ್ತೇವೆ, ನೀವೂ ಬನ್ನಿ’ ಎಂದು ಕೇಳಿ ನೋಡಿ. ಅಜ್ಜಿ ಜೊತೆಗಿದ್ದರೆ ಮಗುವಿಗೂ ಸಂತೋಷ.

ಉಡುಪಿನಲ್ಲಿ ನಾವು ಮಾಡುವ ತಪ್ಪು ಅತಿಯಾಗಿ ಸುತ್ತುವುದು. ದಪ್ಪ ಸ್ವೆಟರ್ ಹಾಕಿಕೊಂಡ ಮಗು ಓಡಿ ಬೆವರುತ್ತದೆ, ಆ ಬೆವರು ಮೈಮೇಲೇ ತಣ್ಣಗಾಗುತ್ತದೆ. ಒಳಗೆ ಹತ್ತಿ ಬಟ್ಟೆ, ಮೇಲೆ ತೆಗೆಯಲು ಬರುವ ತೆಳು ಸ್ವೆಟರ್, ತಲೆಗೆ ಕುಲಾವಿ ಸಾಕು. ಕತ್ತಿನ ಹಿಂದೆ ಕೈಯಿಟ್ಟು ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ.

ಇನ್ನು ಎಲ್ಲಿಗೆ ಎಂಬ ಪ್ರಶ್ನೆ. ಮೈಸೂರಿನವರು ಪುಣ್ಯವಂತರು, ಏಕೆಂದರೆ ಈ ಕಾಲದಲ್ಲಿ ಹಕ್ಕಿಗಳೇ ನಮ್ಮ ಸುತ್ತಮುತ್ತ ಬಂದಿಳಿಯುತ್ತವೆ. ನನ್ನನ್ನು ಕೇಳಿದರೆ ಮೊದಲ ಪ್ರವಾಸ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೇ ಆಗಲಿ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ, ಮನೆಗಳ ನೆತ್ತಿಯ ಮೇಲೆಯೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಅವುಗಳನ್ನು ನೋಡಿಕೊಳ್ಳುತ್ತಾರೆ ಊರಿನವರು. ಎರಡೂವರೆ ವರ್ಷದ ಮಗುವಿಗೆ ದುರ್ಬೀನು ಹಿಡಿಯಲು ಬರುವುದಿಲ್ಲ. ಇಲ್ಲಿ ಅದರ ಅಗತ್ಯವೂ ಇಲ್ಲ. ದೊಡ್ಡ ಕೊಕ್ಕು, ಕೊಕ್ಕಿನ ಕೆಳಗಿನ ಚೀಲ, ರೆಕ್ಕೆಯ ಸದ್ದು ಎಲ್ಲವೂ ಬರಿಗಣ್ಣಿಗೆ, ಬರಿಗಿವಿಗೆ ಸಿಗುತ್ತವೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾದಲ್ಲಿ ಗುರುತಿಗಾಗಿ ಕತ್ತುಪಟ್ಟಿ ತೊಡಿಸಿದ್ದ ಹಕ್ಕಿಗಳೂ ಅಲ್ಲಿ ಕಂಡಿವೆ. ಆದರೆ ಅವು ದೂರದ ನೀರಿನಲ್ಲಿರುತ್ತವೆ. ಆ ಕೆರೆ ಐದಾರು ವರ್ಷದ ಮಕ್ಕಳಿಗೆ ಹೆಚ್ಚು ಹೊಂದುತ್ತದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನ ದೋಣಿ ಸವಾರಿ ಮಕ್ಕಳಿಗೆ ಬಹಳ ಇಷ್ಟ. ಆ ನೀರಿನಲ್ಲಿ ಮೊಸಳೆಗಳಿವೆ, ಆದ್ದರಿಂದ ಮಗು ನಿಮ್ಮ ಮಡಿಲಲ್ಲೇ ಇರಲಿ, ಕೈ ಹೊರಗೆ ಚಾಚದಿರಲಿ.

ಊರು ಬಿಟ್ಟು ಹೋಗಲಾಗದ ದಿನ ಕಾರಂಜಿ ಕೆರೆ ಇದೆ, 1892ರಲ್ಲಿ ಆರಂಭವಾದ ಮೃಗಾಲಯ ಇದೆ. ಮಂಗಳವಾರ ಎರಡಕ್ಕೂ ರಜೆ. ಮೃಗಾಲಯವನ್ನು ಪೂರ್ತಿ ತೋರಿಸಬೇಕೆಂಬ ಹಟ ಬೇಡ. ಜಿರಾಫೆ, ಆನೆ ನೋಡಿ ಬಂದರೂ ಆ ವಯಸ್ಸಿಗೆ ಅದು ತುಂಬಿದ ದಿನವೇ. ಕ್ರಿಸ್‌ಮಸ್ ಆಸುಪಾಸಿನಲ್ಲಿ ಅರಮನೆಯ ಅಂಗಳದಲ್ಲಿ ಮಾಗಿ ಉತ್ಸವದ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಆ ವಾರ ಪ್ರವಾಸಿಗರು ಕಿಕ್ಕಿರಿಯುತ್ತಾರೆ, ಹಾಗಾಗಿ ಬಾಗಿಲು ತೆರೆದ ಕೂಡಲೇ ಹೋಗಿ ಬಿಡಿ.

ಮನೆಯಲ್ಲಿರುವ ನಸುಕಿಗೆ ಅವರೆಕಾಯಿಗಿಂತ ಒಳ್ಳೆಯ ಆಟಿಕೆ ಇಲ್ಲ. ರಾತ್ರಿ ನೆನೆಸಿದ ಕಾಳನ್ನು ಬೆರಳ ತುದಿಯಲ್ಲಿ ಹಿದುಕಿದರೆ ಬೇಳೆ ಚಿಮ್ಮಿ ಹೊರಬರುತ್ತದೆ. ಮಕ್ಕಳು ಅದನ್ನು ಬಿಟ್ಟು ಏಳುವುದೇ ಇಲ್ಲ. ಬೆರಳುಗಳಿಗೆ ಬಲ, ಮಧ್ಯಾಹ್ನಕ್ಕೆ ಹಿದುಕಿದ ಬೇಳೆ ಸಾರು. ಕಾಳನ್ನು ಮೂಗಿಗೆ ತುರುಕಿಕೊಳ್ಳದಂತೆ ಮಾತ್ರ ಪಕ್ಕದಲ್ಲೇ ಕುಳಿತಿರಿ.

ಸಂಕ್ರಾಂತಿಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಎಳ್ಳು ಬೀರಲು ಮಗುವನ್ನು ಮನೆಮನೆಗೆ ಕರೆದುಕೊಂಡು ಹೋಗುವುದು ಚೆಂದ. ಆದರೆ ಎಳ್ಳಿನ ಮಿಶ್ರಣದಲ್ಲಿ ಇಡೀ ಕಡಲೆಕಾಯಿ ಬೀಜ, ಗಟ್ಟಿ ಕೊಬ್ಬರಿ, ಬೆಲ್ಲದ ಚೂರು ಇರುತ್ತವೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇವು ಗಂಟಲಿನಿಂದ ಶ್ವಾಸನಾಳಕ್ಕೆ ಜಾರುವ ಅಪಾಯವಿದೆ, ಅದು ಜೀವಕ್ಕೇ ಎರವಾಗಬಹುದು. ಚಿಕ್ಕವರ ಪಾಲನ್ನು ಪುಡಿ ಮಾಡಿ ಕೊಡಿ. ಎಲಚಿ ಹಣ್ಣಿನ ಬೀಜ ತೆಗೆದುಬಿಡಿ, ಕಬ್ಬಿನ ತುಂಡು ಬೇಡ, ಹಾಲು ಹಿಂಡಿ ಕುಡಿಸಿ. ಬಂದ ಮನೆಯವರಿಗೆ ಇದನ್ನು ಹೇಳಲು ಸಂಕೋಚ ಬೇಡ. ಅಂದು ಸಂಜೆ ಸಿದ್ಧಲಿಂಗಪುರದಲ್ಲಿ ದನಗಳನ್ನು ಕಿಚ್ಚು ಹಾಯಿಸುವುದನ್ನು ತೋರಿಸುವಿರಾದರೆ ಮಗುವನ್ನು ಎತ್ತಿಕೊಂಡು, ಹೊಗೆ ಬೀಸದ ಕಡೆ, ದೂರ ನಿಲ್ಲಿ.

ಮೂಗು ಸುರಿಯುತ್ತಿದ್ದರೂ ಆಡುತ್ತಾ, ಉಣ್ಣುತ್ತಾ ಇರುವ ಮಗು ಅಂಗಳದ ಬಿಸಿಲಿಗೆ ಬರಬಹುದು, ಬೇರೆ ಮಕ್ಕಳ ನಡುವೆ ಬೇಡ. ಒಂದರಿಂದ ಐದು ವರ್ಷದ ಮಗು ಸುಮ್ಮನೆ ಮಲಗಿರುವಾಗ ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತಿದ್ದರೆ ಮನೆಮದ್ದು ಹುಡುಕುತ್ತ ಕೂರಬೇಡಿ, ತಕ್ಷಣ ವೈದ್ಯರಲ್ಲಿಗೆ ಹೋಗಿ. ಕೋಣೆ ಬೆಚ್ಚಗಿರಲೆಂದು ಮುಚ್ಚಿದ ಬಾಗಿಲೊಳಗೆ ಕೆಂಡದ ಒಲೆ ಇಡುವುದಂತೂ ಬೇಡವೇ ಬೇಡ. ಅದರ ವಿಷಾನಿಲಕ್ಕೆ ವಾಸನೆಯೂ ಇರುವುದಿಲ್ಲ.

ಹಾಂ, ಕೊಕ್ಕರೆ ಬೆಳ್ಳೂರಿಗೆ ಶಿವರಾತ್ರಿ ಕಳೆದ ಮೇಲೆ ಇನ್ನೊಮ್ಮೆ ಹೋಗಿ. ಆ ಹೊತ್ತಿಗೆ ಗೂಡುಗಳಲ್ಲಿ ಮರಿಗಳಿರುತ್ತವೆ.