ಇಳಿದ ಕಾಲನ್ನು ಎಣಿಸಬೇಡಿ: ಪುರುಷರ ಹರ್ಡಲ್ಸ್ ಓದುವಾಗ ನಾನು ಎಡವಿದ ಜಾಗ

ನಿನ್ನೆ ರಾತ್ರಿ ಹನ್ನೊಂದಕ್ಕೆ ರೂಮಿನ ನೆಲದ ಮೇಲೆ ಚಪ್ಪಲಿ ಜೋಡಿಸುತ್ತಾ ಕೂತಾಗ ಹರ್ಡಲ್ಸ್‌ನ, ಅಂದರೆ ಅಡ್ಡ ನಿಲ್ಲಿಸಿದ ಚೌಕಟ್ಟುಗಳನ್ನು (ಹರ್ಡಲ್) ದಾಟುತ್ತಾ ಓಡುವ ಓಟದ, ಹೆಜ್ಜೆಯ ಲೆಕ್ಕ ಕೊನೆಗೂ ತಲೆಗೆ ಹೋಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಾನು ವಿಜಯಪುರದಲ್ಲಿ ಬಿ.ಪಿ.ಎಡ್ (ದೈಹಿಕ ಶಿಕ್ಷಣದ ಪದವಿ) ಓದುತ್ತಿದ್ದೇನೆ. ನಮ್ಮ ಕಡೆ ಸೈಕಲ್ ತುಳಿಯುವವರು ಜಾಸ್ತಿ, ಹರ್ಡಲ್ಸ್ ಓಡುವವರು ಕಡಿಮೆ. ಹಾಗಾಗಿ ವಿಶ್ವ ಚಾಂಪಿಯನ್‌ಷಿಪ್‌ನ ವಿಡಿಯೊ, ಫಲಿತಾಂಶದ ಪಟ್ಟಿ ಇಟ್ಟುಕೊಂಡೇ ನಾನು ಇದನ್ನು ಕಲಿತಿದ್ದು. ಓಟ ಎಂದರೇನು, ಟ್ರ್ಯಾಕ್ ಎಂದರೇನು ಎಂದು ಇಲ್ಲಿ ಹೇಳುವುದಿಲ್ಲ. ಅದು ನಿಮಗೂ ಗೊತ್ತು.

ಮೊದಲು ಅಳತೆ

ಪುರುಷರಿಗೆ ಎರಡು ಹರ್ಡಲ್ಸ್ ಓಟ: 110 ಮೀಟರ್ ಮತ್ತು 400 ಮೀಟರ್. ಎರಡರಲ್ಲೂ 10 ಹರ್ಡಲ್.

110 ಮೀಟರ್: ಹರ್ಡಲ್ ಎತ್ತರ 1.067 ಮೀಟರ್. ಸ್ಟಾರ್ಟಿನಿಂದ ಮೊದಲ ಹರ್ಡಲ್‌ಗೆ 13.72 ಮೀಟರ್, ನಡುವೆ 9.14, ಕೊನೆಯ ಹರ್ಡಲ್‌ನಿಂದ ಫಿನಿಷ್‌ಗೆ 14.02.

400 ಮೀಟರ್: ಎತ್ತರ 0.914. ಮೊದಲಿಗೆ 45 ಮೀಟರ್, ನಡುವೆ 35, ಕೊನೆಗೆ 40.

400ರ ಅಂಕಿಗಳು ದುಂಡಗಿವೆ, ಒಂದೇ ಸಲಕ್ಕೆ ನೆನಪಾದವು. 110ರ ಅಂಕಿಗಳು ಮಾತ್ರ ಎಷ್ಟು ಬಾಯಿಪಾಠ ಮಾಡಿದರೂ ಬೆಳಗ್ಗೆ ಏಳುವಷ್ಟರಲ್ಲಿ ಮಾಯ. 13.72, 14.02 ಎನ್ನುವ ಚಿಲ್ಲರೆ ಯಾಕೆ ಬಂತು? ಉತ್ತರ ಸಿಕ್ಕಿದ್ದು ಗಜದಲ್ಲಿ. ಈ ಓಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 120 ಗಜದ ಓಟವಾಗಿ. ಮೊದಲಿಗೆ 15 ಗಜ, ನಡುವೆ 10 ಗಜದ 9 ಅಂತರ, ಕೊನೆಗೆ 15 ಗಜ. ಕೂಡಿಸಿದರೆ ಸರಿಯಾಗಿ 120. ಇದನ್ನೇ ಮೀಟರಿಗೆ ತಿರುಗಿಸಿದರೆ 15 ಗಜ 13.72 ಮೀಟರ್ ಆಗುತ್ತದೆ, 10 ಗಜ 9.14 ಆಗುತ್ತದೆ. ಆದರೆ 120 ಗಜ ಎಂದರೆ 109.73 ಮೀಟರ್. 110ಕ್ಕೆ 27 ಸೆಂಟಿಮೀಟರ್ ಕಡಿಮೆ. ಆ ಕೊರತೆಯನ್ನು, ಜೊತೆಗೆ ದಶಮಾಂಶ ಕತ್ತರಿಸಿದಾಗ ಉದುರಿದ ಚೂರುಪಾರನ್ನು, ಕೊನೆಯ ಓಟಕ್ಕೆ ಸೇರಿಸಿಬಿಟ್ಟರು. 13.72 ಇರಬೇಕಾದ ಜಾಗದಲ್ಲಿ 14.02 ಕೂತಿದ್ದು ಹೀಗೆ.

0.914 ಮತ್ತು 9.14 ಅದಲುಬದಲಾಗುವ ಚಿಂತೆಯೂ ಇಲ್ಲಿಗೇ ಮುಗಿಯಿತು. 400ರಲ್ಲಿ ಹರ್ಡಲ್‌ನ ಎತ್ತರವೇ ಒಂದು ಗಜ. 110ರಲ್ಲಿ ಹರ್ಡಲ್‌ಗಳ ನಡುವಿನ ಅಂತರ ಹತ್ತು ಗಜ. 1.067 ಎನ್ನುವುದು ಮೂರೂವರೆ ಅಡಿ, ಅಷ್ಟೇ.

ಇದನ್ನು ಫೋನಿನಲ್ಲಿ ಇಳಕಲ್ಲಿನ ನಮ್ಮ ಆಯಿಗೆ ಹೇಳಿದೆ. ಆಯಿ ಜೀವಮಾನವೆಲ್ಲ ಒಂಬತ್ತು ಗಜದ ಸೀರೆ ಉಟ್ಟವಳು. "ಹಂಗಾರ ಒಂದು ಸೀರಿ ಹಾಸಿ, ಮ್ಯಾಲೊಂದು ಗಜ ಬಿಟ್ರ ಆತು" ಅಂದಳು. ನನಗೆ ಈಗ 9.14 ನೆನಪಾಗುವುದೇ ಹಾಗೆ: ನೆಲದ ಮೇಲೆ ಉದ್ದಕ್ಕೆ ಹಾಸಿದ ಇಳಕಲ್ ಸೀರೆ, ಸೆರಗಿನ ಆಚೆ ಒಂದು ಗಜ ಬರೀ ನೆಲ.

ಒಂದು ಎಚ್ಚರಿಕೆ. ಹರ್ಡಲ್ ಹತ್ತು, ನಡುವಿನ ಅಂತರ ಒಂಬತ್ತು. ಮೊದಲ ಸಲ ನಾನು 9.14 ಅನ್ನು 10ರಿಂದ ಗುಣಿಸಿ, ಮೊತ್ತ 110 ದಾಟಿತೆಂದು ಪುಸ್ತಕವೇ ತಪ್ಪು ಅಂದುಕೊಂಡಿದ್ದೆ. ನಮ್ಮಪ್ಪ ದ್ರಾಕ್ಷಿ ತೋಟದಲ್ಲಿ ಸಾಲಿಗೆ ಕಲ್ಲುಕಂಬ ಲೆಕ್ಕ ಹಾಕುವಾಗ ಇದೇ ಮಾತು ಹೇಳುತ್ತಿದ್ದರು: ಕಂಬ ಬೇರೆ, ಕಂಬದ ನಡುವಿನ ಜಾಗ ಬೇರೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಹೆಜ್ಜೆ: ನನ್ನ ಮೂರು ದಿನ ತಿಂದ ಭಾಗ

ಹರ್ಡಲ್ ಮೇಲೆ ಮೊದಲು ಹೋಗುವ ಕಾಲು ಲೀಡ್ ಲೆಗ್. ನೆಲ ಒದ್ದು, ಹಿಂದಿನಿಂದ ಮಡಚಿಕೊಂಡು ಬರುವ ಕಾಲು ಟ್ರೇಲ್ ಲೆಗ್. ಆಚೆ ಬದಿಯಲ್ಲಿ ಮೊದಲು ನೆಲ ಮುಟ್ಟುವುದು ಲೀಡ್ ಲೆಗ್ಗೇ. ಇಲ್ಲಿಯವರೆಗೆ ತಕರಾರಿಲ್ಲ.

ಪುಸ್ತಕ ಹೇಳುತ್ತದೆ: 110ರಲ್ಲಿ ಹರ್ಡಲ್‌ಗಳ ನಡುವೆ 3 ಹೆಜ್ಜೆ. 400ರಲ್ಲಿ 13, 14, 15, ಅವರವರ ಶಕ್ತಿ. ಹೆಜ್ಜೆ ಬೆಸ ಸಂಖ್ಯೆಯಾದರೆ ಪ್ರತಿ ಹರ್ಡಲ್‌ಗೂ ಅದೇ ಲೀಡ್ ಲೆಗ್. ಸಮ ಸಂಖ್ಯೆಯಾದರೆ ಲೀಡ್ ಲೆಗ್ ಬದಲಾಗುತ್ತದೆ.

ನಾನು ವಿಡಿಯೊ ನಿಧಾನ ಮಾಡಿ ಎಣಿಸಿದೆ. ಪ್ರತಿ ಸಲ 4 ಬಂತು! ಮೂರು ಹೆಜ್ಜೆ ಎನ್ನುತ್ತಾರೆ, ಕಾಲು ನಾಲ್ಕು ಸಲ ನೆಲಕ್ಕೆ ಬೀಳುತ್ತಿದೆ. ಓಡುವವರ ಲೀಡ್ ಲೆಗ್ ಅಂತೂ ಬದಲಾಗುತ್ತಿಲ್ಲ. ಹಾಗಾದರೆ ಸಮ ಸಂಖ್ಯೆಗೆ ಅದೇ ಕಾಲು ಬರಬೇಕಲ್ವಾ? ಎರಡು ದಿನ ನೋಟ್ಸಿನಲ್ಲಿ ನಿಯಮವನ್ನೇ ಉಲ್ಟಾ ಬರೆದುಕೊಂಡು ಓಡಾಡಿದೆ. ಒಂದು ಕಿರುಪರೀಕ್ಷೆಯಲ್ಲಿ ಹಾಗೇ ಬರೆದು ಎರಡು ಅಂಕವೂ ಹೋಯಿತು.

ಆಮೇಲೆ ಚಪ್ಪಲಿ. ನನ್ನದೊಂದು ಜೋಡಿ, ರೂಮ್‌ಮೇಟ್‌ದೊಂದು ಜೋಡಿ. ಒಂದು ಕಡೆ ಕಸಬರಿಗೆ ಅಡ್ಡ ಇಟ್ಟೆ, ಅದು ಮೊದಲ ಹರ್ಡಲ್. ಇನ್ನೊಂದು ಕಡೆ ಛತ್ರಿ, ಅದು ಎರಡನೆಯದು. ಲೀಡ್ ಲೆಗ್ ಎಡಗಾಲು ಅಂದುಕೊಳ್ಳಿ.

ಕಸಬರಿಗೆ ದಾಟಿ ಇಳಿದಿದ್ದು ಎಡಗಾಲು. ಎಡ ಚಪ್ಪಲಿ ಇಟ್ಟೆ.
ಒಂದು: ಬಲ.
ಎರಡು: ಎಡ.
ಮೂರು: ಬಲ. ಈ ಬಲಗಾಲು ನೆಲ ಒದೆಯುತ್ತದೆ, ಎಡಗಾಲು ಛತ್ರಿ ದಾಟುತ್ತದೆ.

ನೆಲದ ಮೇಲೆ ಚಪ್ಪಲಿ ನಾಲ್ಕು. ಹೆಜ್ಜೆ ಮೂರು. ಲೀಡ್ ಲೆಗ್ ಮತ್ತೆ ಎಡವೇ.

ಎದುರು ಕೂತಿದ್ದ ರೂಮ್‌ಮೇಟ್ ಹೇಳಿದ್ದು ಒಂದೇ ಮಾತು: "ಲೇ, ಇಳಿದ ಕಾಲ್ನ ಯಾಕ ಎಣಸ್ತೀ? ಅದು ಹರ್ಡಲ್ ದಾಟಿದ ಹೆಜ್ಜಿದು." ಅಷ್ಟೇ ವಿಷಯ. ಹೆಜ್ಜೆ ಎಂದರೆ ಒಂದು ಪಾದದಿಂದ ಇನ್ನೊಂದು ಪಾದಕ್ಕೆ ಹೋಗುವ ನಡೆ, ಪಾದದ ಗುರುತಲ್ಲ. ಗುರುತು ನಾಲ್ಕಿದ್ದರೆ ನಡುವಿನ ನಡೆ ಮೂರು. ಹರ್ಡಲ್ ಹತ್ತಿದ್ದರೆ ಅಂತರ ಒಂಬತ್ತು. ಅದೇ ದ್ರಾಕ್ಷಿ ತೋಟದ ಕಂಬ! ಒಂದೇ ತಪ್ಪನ್ನು ಒಂದೇ ಪಾಠದಲ್ಲಿ ಎರಡು ಸಲ ಮಾಡಿದ್ದೆ.

ಈಗ ನಾಲ್ಕು ಹೆಜ್ಜೆ ಇಟ್ಟು ನೋಡಿ. ಇಳಿದಿದ್ದು ಎಡ. ಬಲ, ಎಡ, ಬಲ, ಎಡ. ನಾಲ್ಕನೆಯದು ಎಡ, ಅದು ನೆಲ ಒದ್ದರೆ ಬಲಗಾಲು ಮೊದಲು ಹೋಗಬೇಕು. ಬದಲಾಯಿತು. ಹದಿಮೂರು ಮೂರರ ಹಾಗೆ, ಹದಿನಾಲ್ಕು ನಾಲ್ಕರ ಹಾಗೆ. ಅಷ್ಟು ಚಪ್ಪಲಿ ಬೇಕಿಲ್ಲ. ನನ್ನ ಸೂತ್ರ: ಬೆಸಕ್ಕೆ ಅದೇ ಕಾಲು, ಸಮಕ್ಕೆ ಬೇರೆ ಕಾಲು, ಇಳಿದ ಕಾಲು ಲೆಕ್ಕಕ್ಕಿಲ್ಲ.

ಇದು ಗೊತ್ತಾದ ಮೇಲೆ ದೊಡ್ಡವರ ಓಟ ನೋಡುವ ರುಚಿಯೇ ಬದಲಾಯಿತು. ಅಮೆರಿಕದ ಎಡ್ವಿನ್ ಮೋಸೆಸ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 400 ಹರ್ಡಲ್ಸ್‌ನಲ್ಲಿ 47.63 ಸೆಕೆಂಡಿನ ವಿಶ್ವ ದಾಖಲೆ ಮಾಡಿ ಗೆದ್ದರು. 1977ರಿಂದ 1987ರವರೆಗೆ ಸತತ 122 ಓಟ ಗೆದ್ದರು. 1983ರಲ್ಲಿ ಹೆಲ್ಸಿಂಕಿ, 1987ರಲ್ಲಿ ರೋಮ್, ಎರಡು ವಿಶ್ವ ಚಾಂಪಿಯನ್‌ಷಿಪ್ ಚಿನ್ನವೂ ಅವರದೇ. ಅವರ ಗುಟ್ಟು: ಮೊದಲ ಅಂತರದಿಂದ ಕೊನೆಯವರೆಗೆ 13 ಹೆಜ್ಜೆ. ಬೆಸ. ಕಾಲು ಬದಲಾಗುವ ತಲೆನೋವೇ ಇಲ್ಲ. ಕೇಳಲು ಸುಲಭ. ಲೆಕ್ಕ ಹಾಕಿ ನೋಡಿ: 35 ಮೀಟರಿನಲ್ಲಿ ಹರ್ಡಲ್ ದಾಟುವುದಕ್ಕೆ ಸುಮಾರು ಮೂರೂವರೆ ಮೀಟರ್ ಹೋದರೆ ಉಳಿದದ್ದು ಮೂವತ್ತೊಂದೂವರೆ. ಹದಿಮೂರರಿಂದ ಭಾಗಿಸಿದರೆ ಹೆಜ್ಜೆಗೆ 2.4 ಮೀಟರ್ ಚಿಲ್ಲರೆ. ಕೊನೆಯ ನೂರು ಮೀಟರಿನಲ್ಲಿ ಕಾಲು ಸೋತು ಭಾರವಾದಾಗಲೂ ಅಷ್ಟೇ ಉದ್ದ ಬೀಳಬೇಕು. ನಾನು ಮೈದಾನದಲ್ಲಿ ಎರಡು ಗೆರೆ ಎಳೆದು ಪ್ರಯತ್ನಿಸಿದೆ. ಐದನೇ ಹೆಜ್ಜೆಗೇ ಗೆರೆ ತಪ್ಪಿತು, ಅದೂ ಹರ್ಡಲ್ ಇಲ್ಲದೆ.

ಕೆವಿನ್ ಯಂಗ್ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 46.78 ಓಡಿ ವಿಶ್ವ ದಾಖಲೆ ಮಾಡಿದಾಗ ಕೆಲವು ಕಡೆ 13ರ ಬದಲು 12 ಹೆಜ್ಜೆಯಲ್ಲೇ ಮುಗಿಸಿದರು. ಸೂತ್ರ ಹಚ್ಚಿ: 12 ಸಮ, ಲೀಡ್ ಲೆಗ್ ಬದಲು. ಇನ್ನೊಂದು ಸಲ 12 ಹಾಕಿದರೆ ಮತ್ತೆ ಮೊದಲಿನ ಕಾಲಿಗೇ ವಾಪಸ್. ಆ ದಾಖಲೆ 29 ವರ್ಷ ನಿಂತಿತು. 2021ರ ಜುಲೈಯಲ್ಲಿ ನಾರ್ವೆಯ ಕಾರ್ಸ್ಟೆನ್ ವಾರ್ಹೋಮ್ ಓಸ್ಲೋದಲ್ಲಿ 46.70 ಓಡಿ ಮುರಿದರು. ಮುಂದಿನ ತಿಂಗಳು ಟೋಕಿಯೊ ಒಲಿಂಪಿಕ್ಸ್‌ನಲ್ಲಿ 45.94. ಆ ಫೈನಲ್‌ನಲ್ಲಿ ಎರಡನೆಯವರಾದ ರೈ ಬೆಂಜಮಿನ್ ಕೂಡ 46.17 ಓಡಿದ್ದರು, ಅಂದರೆ ಹಳೆಯ ದಾಖಲೆಗಿಂತ ವೇಗವಾಗಿ ಓಡಿ ಬೆಳ್ಳಿ. ಪಾಪ ಅನ್ನಿಸುತ್ತದೆ.

ತಿರುವಿನಲ್ಲಿ ಎಡಗಾಲು ಲೀಡ್ ಆದರೆ ಲಾಭ ಎನ್ನುತ್ತಾರಲ್ಲ, ಅದಕ್ಕೂ ಕಾರಣ ಇಲ್ಲಿದೆ. ಓಟ ಎಡಕ್ಕೆ ತಿರುಗುತ್ತದೆ. ಬಲಗಾಲು ಲೀಡ್ ಆದರೆ ಹಿಂದೆ ಬರುವ ಎಡಗಾಲು ಒಳಬದಿಯಲ್ಲಿ ಹರ್ಡಲ್‌ನ ಪಕ್ಕಕ್ಕೆ ಜಾರುವ ಅಪಾಯ ಉಂಟು. ಆ ಕಾಲು ಹರ್ಡಲ್‌ನ ಮೇಲಂಚಿಗಿಂತ ಕೆಳಗೆ, ಪಕ್ಕದಿಂದ ಹೋದರೆ ಅನರ್ಹ.

7 ಅಥವಾ 8, ಬ್ಲಾಕಿನಲ್ಲಿ ಯಾವ ಕಾಲು ಮುಂದೆ?

ಅದೇ ಬೆಸ-ಸಮದ ಆಟ. 110ರಲ್ಲಿ ಮೊದಲ ಹರ್ಡಲ್‌ವರೆಗೆ ಮೊದಲು ಹೆಚ್ಚಿನವರು 8 ಹೆಜ್ಜೆ ಇಡುತ್ತಿದ್ದರು. ಕ್ಯೂಬಾದ ಡೇರನ್ ರೋಬ್ಲೆಸ್ 7 ಇಟ್ಟರು, 2008ರಲ್ಲಿ 12.87ರ ವಿಶ್ವ ದಾಖಲೆ ಮಾಡಿದರು. ಅಮೆರಿಕದ ಏರೀಸ್ ಮೆರಿಟ್ 8 ಬಿಟ್ಟು 7ಕ್ಕೆ ಬಂದು 2012ರ ಸೆಪ್ಟೆಂಬರಿನಲ್ಲಿ ಬ್ರಸೆಲ್ಸ್‌ನಲ್ಲಿ 12.80 ಓಡಿದರು.

ಬ್ಲಾಕಿನಿಂದ (ಸ್ಟಾರ್ಟಿನಲ್ಲಿ ಪಾದ ಒತ್ತಿಕೊಳ್ಳುವ ಆಸರೆ) ಮೊದಲು ಹೊರಡುವುದು ಹಿಂದಿನ ಕಾಲು. ಹಾಗಾಗಿ 1, 3, 5, 7 ಹಿಂದಿನ ಕಾಲಿನವು, 2, 4, 6, 8 ಮುಂದಿನ ಕಾಲಿನವು. 8 ಹೆಜ್ಜೆಯವರು ನೆಲ ಒದೆಯುವ ಕಾಲನ್ನು ಮುಂದೆ ಇಡಬೇಕು, 7ರವರು ಹಿಂದೆ. ಇಲ್ಲಿ ಇಳಿದ ಕಾಲಿನ ಗೊಂದಲವೇ ಇಲ್ಲ, ಇನ್ನೂ ಏನೂ ದಾಟಿಲ್ಲವಲ್ಲ!

ನಿಯಮ, ಬೇಗ ಬೇಗ

ಹರ್ಡಲ್ ಬೀಳಿಸಿದರೆ ಔಟ್ ಅಲ್ಲ. ನಮ್ಮ ಊರಲ್ಲಿ ಎಲ್ಲರೂ ಔಟ್ ಅಂದುಕೊಂಡಿದ್ದಾರೆ. ಹರ್ಡಲ್‌ನ ಪಾದ ಓಡಿ ಬರುವವರ ಕಡೆಗೆ ಇರುತ್ತದೆ, ತಾಗಿದರೆ ಮುಂದಕ್ಕೆ ಮಗುಚಲಿ ಎಂದು. ಕೈಯಿಂದ ತಳ್ಳಿದರೆ, ಪಕ್ಕದವರ ಓಟಕ್ಕೆ ಅಡ್ಡಿಯಾದರೆ ತೊಂದರೆ. 2011ರ ದೇಗು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರೋಬ್ಲೆಸ್ ಮೊದಲು ಗೆರೆ ದಾಟಿದ್ದರು. ಆದರೆ ಪಕ್ಕದ ಲೇನಿನ ಚೀನಾದ ಲಿಯು ಶಿಯಾಂಗ್ ಕೈಗೆ ಅವರ ಕೈ ತಾಗಿತ್ತು. ಅನರ್ಹರಾದರು, ಚಿನ್ನ ಜೇಸನ್ ರಿಚರ್ಡ್‌ಸನ್‌ಗೆ ಹೋಯಿತು. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 400ರ ಫೈನಲ್ ಗೆದ್ದ ಬೆಂಜಮಿನ್ ಕೊನೆಯ ಹರ್ಡಲ್‌ಗೆ ಬಡಿದಿದ್ದಕ್ಕೆ ಮೊದಲು ಅನರ್ಹ ಎಂದರು, ಆಮೇಲೆ ಚಿನ್ನ ಮರಳಿ ಕೊಟ್ಟರು. ಸಮಯ 46.52.

ಸ್ಟಾರ್ಟ್: ಗುಂಡಿನ ಸದ್ದಾದ ಮೇಲೆ 0.100 ಸೆಕೆಂಡಿಗಿಂತ ಮೊದಲು ಕದಲಿದರೆ ತಪ್ಪು ಸ್ಟಾರ್ಟ್. 2022ರ ಯೂಜೀನ್ ವಿಶ್ವ ಚಾಂಪಿಯನ್‌ಷಿಪ್‌ನ 110ರ ಫೈನಲ್‌ನಲ್ಲಿ ಡೆವನ್ ಅಲೆನ್ 0.099ಕ್ಕೆ ಕದಲಿದರು, ಹೊರಹೋದರು. ಸೆಕೆಂಡಿನ ಸಾವಿರದ ಒಂದು ಭಾಗ! ಅದೂ ಅವರು ಓದಿದ ವಿಶ್ವವಿದ್ಯಾಲಯದ ಮೈದಾನದಲ್ಲೇ. ಅಂದು ಗೆದ್ದಿದ್ದು ಗ್ರಾಂಟ್ ಹಾಲೊವೇ. 2019ರಲ್ಲಿ 13.10, 2022ರಲ್ಲಿ 13.03, 2023ರ ಬುಡಾಪೆಸ್ಟ್‌ನಲ್ಲಿ 12.96, ಸತತ ಮೂರು ಚಿನ್ನ.

ಗಾಳಿ: 100 ಮೀಟರಿಗೆ ಗಾಳಿಯ ವೇಗವನ್ನು 10 ಸೆಕೆಂಡ್ ಅಳೆಯುತ್ತಾರೆ, 110 ಹರ್ಡಲ್ಸ್‌ಗೆ 13 ಸೆಕೆಂಡ್. ಹಿಂದಿನಿಂದ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆಗೆ ಲೆಕ್ಕವಿಲ್ಲ, ಪದಕಕ್ಕೆ ಉಂಟು. 400ಕ್ಕೆ ಗಾಳಿಯ ಅಳತೆಯೇ ಇಲ್ಲ.

ಫಲಿತಾಂಶದ ಪಟ್ಟಿಯಲ್ಲಿ ಹೆಸರಿನ ಮುಂದೆ ದೊಡ್ಡ ಕ್ಯೂ (Q) ಅಕ್ಷರ ಇದ್ದರೆ ಸ್ಥಾನದಿಂದ ಮುಂದಿನ ಸುತ್ತಿಗೆ ಹೋದವರು, ಚಿಕ್ಕ ಕ್ಯೂ (q) ಇದ್ದರೆ ಸಮಯದಿಂದ ಹೋದವರು.

ನಮ್ಮವರದು ಎರಡು ನೆನಪಿಡಿ: 1964ರ ಟೋಕಿಯೊ ಒಲಿಂಪಿಕ್ಸ್‌ನ 110ರಲ್ಲಿ ಗುರ್‌ಬಚನ್ ಸಿಂಗ್ ರಂಧಾವ ಐದನೆಯವರು. 2024ರಲ್ಲಿ ಫಿನ್ಲೆಂಡಿನಲ್ಲಿ ತೇಜಸ್ ಶಿರ್ಸೆ 13.41 ಓಡಿ ರಾಷ್ಟ್ರೀಯ ದಾಖಲೆ ಮಾಡಿದರು.

ಒಂದು ಲೆಕ್ಕ

ಇದನ್ನು ರೂಮ್‌ಮೇಟ್‌ಗೆ ಕೊಟ್ಟೆ. 400 ಹರ್ಡಲ್ಸ್. ಮೊದಲ ಹರ್ಡಲ್‌ಗೆ ಎಡಗಾಲು ಲೀಡ್. ಆರನೇ ಹರ್ಡಲ್‌ವರೆಗೆ 13 ಹೆಜ್ಜೆ, ಆಮೇಲೆ ಎಂಟನೆಯದರವರೆಗೆ 14, ಕೊನೆಯ ಎರಡು ಅಂತರ 15. ಹತ್ತನೆಯದಕ್ಕೆ ಯಾವ ಕಾಲು?

13 ಮತ್ತು 15 ಬೆಸ, ಅವುಗಳನ್ನು ಮುಟ್ಟುವುದೇ ಬೇಡ. 14 ಬಂದಿದ್ದು ಎಷ್ಟು ಅಂತರದಲ್ಲಿ? ಆರರಿಂದ ಏಳು, ಏಳರಿಂದ ಎಂಟು. ಎರಡು ಸಲ ಬದಲು, ಅಂದರೆ ವಾಪಸ್ ಎಡ. ಏಳನೆಯದು ಮಾತ್ರ ಬಲ.

ಅವನು "ಬಲ" ಅಂದ. ಆರು, ಏಳು, ಎಂಟು ಅಂತ ಬೆರಳು ಮಡಚಿ ಮೂರು ಸಲ ಬದಲಾಯಿಸಿದ್ದ. ಕಂಬ ಎಣಿಸಿದ್ದ.