ಕೊಲೆಸ್ಟ್ರಾಲ್ ನಾರ್ಮಲ್, ಆದರೂ ಮೆಟಬಾಲಿಕ್ ಸಿಂಡ್ರೋಮ್: ಮಾವನ ರಿಪೋರ್ಟ್ ಇಟ್ಟುಕೊಂಡು ಒಂದು ಟಿಪ್ಪಣಿ

ಮೆಟಬಾಲಿಕ್ ಸಿಂಡ್ರೋಮ್ ಅಂದರೆ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿಸುವ ಕೆಲವು ಲಕ್ಷಣಗಳು ಒಬ್ಬರಲ್ಲೇ ಒಟ್ಟಾಗಿರುವುದು. ಈ ಪಾಠ ಪರೀಕ್ಷೆಯಲ್ಲಿ ನನಗೆ ಎರಡು ಸಲ ಕೈಕೊಟ್ಟಿತ್ತು. ಅದನ್ನು ಗುರುತಿಸುವ ಐದು ಮಾನದಂಡ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ. ಉತ್ತರ ಪತ್ರಿಕೆಯಲ್ಲಿ ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಒಂದು ಬಗೆಯ ಕಣ, ಜನ 'ಕೆಟ್ಟ ಕೊಲೆಸ್ಟ್ರಾಲ್' ಅನ್ನುವುದು) ಅನ್ನೂ ಸೇರಿಸಿ ಆರು ಬರೆದು ಬರುತ್ತಿದ್ದೆ. ಕೊಲೆಸ್ಟ್ರಾಲ್ ಅಂದ ಮೇಲೆ ಎಲ್‌ಡಿಎಲ್ ಇರಲೇಬೇಕಲ್ವಾ ಅನ್ನೋ ಅಂದಾಜು. ವಿಷಯ ತಲೆಗೆ ಹತ್ತಿದ್ದು ಮಾವನ ರಿಪೋರ್ಟ್ ಕೈಗೆ ಬಂದ ಮೇಲೆ.

ಮಾವನಿಗೆ 48. ಮಲ್ಪೆಯ ಒಂದು ಐಸ್ ಪ್ಲಾಂಟ್‌ನಲ್ಲಿ ಲೆಕ್ಕ ಬರೆಯುತ್ತಾರೆ, ದಿನವಿಡೀ ಕೂತೇ ಮಾಡುವ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಬೋಟುಗಳು ಕಡಲಿಗೆ ಇಳಿಯುವುದಿಲ್ಲವಲ್ಲ, ಆಗ ಇದ್ದ ಅಲ್ಪಸ್ವಲ್ಪ ಓಡಾಟವೂ ನಿಲ್ಲುತ್ತದೆ. ಕಳೆದ ಜುಲೈಯಲ್ಲಿ ಹೀಗೇ ಬಿಡುವಿದ್ದಾಗ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದು ಕಾಗದ ನನ್ನ ಮುಂದೆ ಹಾಕಿದರು. "ಎಂತದ್ದೂ ಇಲ್ಲ ಮಾರಾಯ್ತಿ, ಕೊಲೆಸ್ಟ್ರಾಲ್ 182. ನಾರ್ಮಲ್ ಉಂಟು."

ಒಟ್ಟು ಕೊಲೆಸ್ಟ್ರಾಲ್ 200ರ ಒಳಗೇ ಇತ್ತು, ನಿಜ. ಅದರ ಕೆಳಗಿನ ಸಾಲುಗಳನ್ನು ಅವರು ಓದಿರಲಿಲ್ಲ. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು, 310. "ಬೆಳಗ್ಗೆ ಏನಾದರೂ ತಿಂದಿದ್ರಾ?" ಅಂತ ಕೇಳಿದೆ. "ಎರಡು ಬನ್ಸ್, ಒಂದು ಚಾ ಅಷ್ಟೇ" ಅಂದರು. ಊಟ ತಿಂಡಿಯಾದ ಮೇಲೆ ಒಟ್ಟು ಕೊಲೆಸ್ಟ್ರಾಲ್ ಮತ್ತು ಎಚ್‌ಡಿಎಲ್ (ಜನ 'ಒಳ್ಳೆಯ ಕೊಲೆಸ್ಟ್ರಾಲ್' ಅನ್ನುವುದು) ಅಷ್ಟಾಗಿ ಬದಲಾಗುವುದಿಲ್ಲ, ಆದರೆ ಟ್ರೈಗ್ಲಿಸರೈಡ್ ಮತ್ತು ಸಕ್ಕರೆ ಏರುತ್ತವೆ. ವಾರ ಬಿಟ್ಟು, ರಾತ್ರಿ ಊಟದ ನಂತರ 12 ಗಂಟೆ ಬರೀ ನೀರಿನಲ್ಲಿ ಇದ್ದು, ಮತ್ತೆ ರಕ್ತ ಕೊಟ್ಟರು. ಈ ಸಲ ಬಂದದ್ದು ಹೀಗೆ: ಒಟ್ಟು ಕೊಲೆಸ್ಟ್ರಾಲ್ 182, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 240, ಎಲ್‌ಡಿಎಲ್ 100, ಸಕ್ಕರೆ 106. ಎಲ್ಲವೂ ಒಂದು ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಅಂತ. ಬಿಪಿ 126/80.

ಈಗ ಐದು ಮಾನದಂಡಕ್ಕೆ ಬರೋಣ. 2009ರಲ್ಲಿ ಹಲವು ಅಂತಾರಾಷ್ಟ್ರೀಯ ಸಂಸ್ಥೆಗಳು ಕೂತು ಒಪ್ಪಿಕೊಂಡ ಲೆಕ್ಕದ ಪ್ರಕಾರ, ಐದರಲ್ಲಿ ಯಾವುದಾದರೂ ಮೂರು ಇದ್ದರೆ ಮೆಟಬಾಲಿಕ್ ಸಿಂಡ್ರೋಮ್. ಸೊಂಟದ ಸುತ್ತಳತೆ ಜಾಸ್ತಿ ಇರುವುದು ಒಂದು. ಟ್ರೈಗ್ಲಿಸರೈಡ್ 150 ಅಥವಾ ಜಾಸ್ತಿ. ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ಬಿಪಿಯ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ಮುಟ್ಟಿರುವುದು. ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಜಾಸ್ತಿ. ಮಾತ್ರೆ ತೆಗೆದುಕೊಂಡು ಬಿಪಿ 120ಕ್ಕೆ ಇಳಿದಿದ್ದರೂ ಅದನ್ನು ಒಂದು ಅಂತಲೇ ಎಣಿಸಬೇಕು. ಪರೀಕ್ಷೆಯಲ್ಲಿ ಬೇಕಂತಲೇ ಇಂಥ ಕೇಸ್ ಕೊಡುತ್ತಾರೆ, ನೋಡಿಕೊಳ್ಳಿ.

ಪಟ್ಟಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ ಇಲ್ಲ. ಎಲ್‌ಡಿಎಲ್ ಕೂಡ ಇಲ್ಲ. ಮಾವ ಖುಷಿಪಟ್ಟ ಅಂಕಿಗೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ.

ಸೊಂಟದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮಾವನನ್ನು ಕೇಳಿದರೆ "34 ಇಂಚು, ಮದುವೆಯಾದಾಗಿನಿಂದ ಅದೇ ಪ್ಯಾಂಟ್ ಸೈಜ್" ಅಂದರು. 34 ಇಂಚು ಅಂದರೆ ಸುಮಾರು 86 ಸೆಂ.ಮೀ. ಆದರೆ ಹೊಟ್ಟೆ ಬಂದ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಹಾಕುತ್ತಾರೆ. ಪಂಚೆಯೂ ಅಲ್ಲೇ ನಿಲ್ಲುವುದು. ಅಳೆಯಬೇಕಾದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಸಹಜವಾಗಿ ಹೊರಬಿಟ್ಟಾಗ. ಅತ್ತೆಯ ಹೊಲಿಗೆ ಟೇಪ್ ತಂದು ಹಿಡಿದೆ. ಮೊದಲು ಮಾವ ಹೊಟ್ಟೆ ಎಳೆದುಕೊಂಡರು. ಅತ್ತೆ ನಕ್ಕ ಮೇಲೆ ಬಿಟ್ಟರು. 94.

ಈ 94 ಜಾಸ್ತಿಯೋ ಕಡಿಮೆಯೋ ಅನ್ನುವುದು ಯಾವ ಗೆರೆ ಹಿಡಿಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. 2001ರ ಅಮೆರಿಕದ ಮಾನದಂಡದಲ್ಲಿ ಗಂಡಸರಿಗೆ 102 ದಾಟಬೇಕು, ಸಕ್ಕರೆ 110 ಮುಟ್ಟಬೇಕು. ಅದರ ಪ್ರಕಾರ ಮಾವನಿಗೆ ಎರಡೇ, ಅಂದರೆ ಸಿಂಡ್ರೋಮ್ ಇಲ್ಲ. ದಕ್ಷಿಣ ಏಷ್ಯಾದವರಿಗೆ ಈಗ ಬಳಸುವ ಗೆರೆ ಗಂಡಸರಿಗೆ 90, ಹೆಂಗಸರಿಗೆ 80. ಅದನ್ನು ಹಿಡಿದರೆ ಐದರಲ್ಲಿ ನಾಲ್ಕು! ಮನುಷ್ಯ ಒಬ್ಬನೇ, ರಕ್ತವೂ ಅದೇ.

ನಮಗೆ ಮಾತ್ರ ಗೆರೆ ಯಾಕೆ ಕೆಳಗೆ? ನಮ್ಮವರಲ್ಲಿ ಅಷ್ಟೇ ತೂಕಕ್ಕೆ ಕೊಬ್ಬು ಜಾಸ್ತಿ, ಅದರಲ್ಲೂ ಹೊಟ್ಟೆಯೊಳಗೆ. 2004ರಲ್ಲಿ ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅನ್ನುವ ಇಬ್ಬರು ವೈದ್ಯರು ತಮ್ಮದೇ ಫೋಟೋ ಅಕ್ಕಪಕ್ಕ ಹಾಕಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐಯೂ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಇದಕ್ಕಿಂತ ಚೆನ್ನಾಗಿ ಯಾವ ಕೋಷ್ಟಕವೂ ನನಗೆ ವಿಷಯ ತಿಳಿಸಲಿಲ್ಲ.

ಟ್ರೈಗ್ಲಿಸರೈಡ್ ಏರಿದರೆ ಎಚ್‌ಡಿಎಲ್ ಯಾಕೆ ಇಳಿಯಬೇಕು? ಈ ಪಾಠದ ತಿರುಳೇ ಇದು.

ಹೊಟ್ಟೆಯೊಳಗೆ ತುಂಬಿದ ಕೊಬ್ಬು ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಊಟವಾಗಿದೆ, ಕರಗುವುದು ನಿಲ್ಲಿಸು ಅಂತ ಇನ್ಸುಲಿನ್ ಹೇಳಿದರೂ ಕೊಬ್ಬಿನಾಮ್ಲ ರಕ್ತಕ್ಕೆ ಸುರಿಯುತ್ತಲೇ ಇರುತ್ತದೆ. ಲಿವರ್ ಅದನ್ನು ಟ್ರೈಗ್ಲಿಸರೈಡ್ ಮಾಡಿ, ವಿಎಲ್‌ಡಿಎಲ್ ಕಣಗಳಲ್ಲಿ ತುಂಬಿ ಹೊರಗೆ ಕಳಿಸುತ್ತದೆ. ಇಲ್ಲಿಗೆ ಸಿಇಟಿಪಿ ಅನ್ನುವ ಪ್ರೋಟೀನ್ ಬರುತ್ತದೆ. ಇದು ಬಂದರಿನ ದಲ್ಲಾಳಿ ಇದ್ದ ಹಾಗೆ. ವಿಎಲ್‌ಡಿಎಲ್‌ನ ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ಗೆ ದಾಟಿಸಿ, ಅಲ್ಲಿಂದ ಕೊಲೆಸ್ಟ್ರಾಲನ್ನು ಈಚೆಗೆ ತರುತ್ತದೆ. ಹೀಗೆ ಟ್ರೈಗ್ಲಿಸರೈಡ್ ತುಂಬಿಕೊಂಡ ಎಚ್‌ಡಿಎಲ್ ಅನ್ನು ಲಿವರ್‌ನ ಲೈಪೇಸ್ ಕಿಣ್ವ ಕತ್ತರಿಸಿ ಸಣ್ಣದು ಮಾಡುತ್ತದೆ. ಸಣ್ಣದಾದದ್ದು ಬೇಗ ದೇಹದಿಂದ ಹೊರಟುಹೋಗುತ್ತದೆ. ಮಾವನ 34 ಬಂದದ್ದು ಈ ದಾರಿಯಲ್ಲಿ.

ಎಲ್‌ಡಿಎಲ್‌ಗೂ ಇದೇ ಗತಿ, ಆದರೆ ಪರಿಣಾಮ ಬೇರೆ. ಮಲ್ಪೆಯಿಂದ 100 ಬಾಕ್ಸ್ ಮೀನು ಹೋಗಬೇಕು ಅಂತಿಟ್ಟುಕೊಳ್ಳಿ. ಒಂದು ಲಾರಿಯಲ್ಲೂ ಹೋಗಬಹುದು, ಐದು ಟೆಂಪೋದಲ್ಲೂ ಹೋಗಬಹುದು. ರಿಪೋರ್ಟಿನ ಎಲ್‌ಡಿಎಲ್ ಹೇಳುವುದು ಬಾಕ್ಸಿನ ಲೆಕ್ಕ. ರಕ್ತನಾಳದ ಗೋಡೆಯೊಳಗೆ ನುಗ್ಗುವುದು ಗಾಡಿ. ಮೆಟಬಾಲಿಕ್ ಸಿಂಡ್ರೋಮ್‌ನಲ್ಲಿ ಎಲ್‌ಡಿಎಲ್ ಕಣಗಳು ಸಣ್ಣ, ಒತ್ತೊತ್ತಾದವು, ಅಂದರೆ ಟೆಂಪೋಗಳೇ ಜಾಸ್ತಿ. ಅಂಕಿ 100 ಅಂತ ಇದ್ದರೂ ಗಾಡಿ ಎಷ್ಟಿವೆ ಅಂತ ಗೊತ್ತಾಗುವುದಿಲ್ಲ. ಒಂದು ಕಣಕ್ಕೆ ಒಂದೇ ಅಪೊ-ಬಿ ಪ್ರೋಟೀನ್ ಇರುತ್ತದೆ, ನಂಬರ್ ಪ್ಲೇಟ್ ಇದ್ದ ಹಾಗೆ. ಗಾಡಿ ಎಣಿಸಬೇಕಾದರೆ ಅದನ್ನು ಅಳೆಯಬೇಕು.

ಅದು ಎಲ್ಲ ಲ್ಯಾಬ್‌ಗಳಲ್ಲಿ ಸುಲಭಕ್ಕೆ ಆಗುವ ಪರೀಕ್ಷೆ ಅಲ್ಲ. ಆದರೆ ಕಾಸಿಲ್ಲದೆ ಮಾಡುವ ಒಂದು ಲೆಕ್ಕ ಉಂಟು. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ, 182ರಲ್ಲಿ 34 ಹೋದರೆ 148. ಇದು ನಾನ್-ಎಚ್‌ಡಿಎಲ್. ವಿಎಲ್‌ಡಿಎಲ್‌ನಲ್ಲಿರುವ ಕೊಲೆಸ್ಟ್ರಾಲ್ ಕೂಡ ಇದರಲ್ಲಿ ಸೇರಿರುತ್ತದೆ. ಇದರ ಗುರಿ ಎಲ್‌ಡಿಎಲ್ ಗುರಿಗಿಂತ 30 ಜಾಸ್ತಿ ಇರಬಹುದು, ಅಷ್ಟೇ. ಮಾವನಲ್ಲಿ ಎರಡಕ್ಕೂ ನಡುವೆ 48ರ ಅಂತರ. ಅಂದ ಹಾಗೆ, ಆ ಎಲ್‌ಡಿಎಲ್ 100 ಕೂಡ ನೇರ ಅಳೆದದ್ದಲ್ಲ. 1972ರ ಫ್ರೀಡ್‌ವಾಲ್ಡ್ ಸೂತ್ರ: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆಯುವುದು. ಟ್ರೈಗ್ಲಿಸರೈಡ್ 400 ದಾಟಿದರೆ ಇದನ್ನು ಬಳಸುವಂತಿಲ್ಲ.

ಪಟ್ಟಿಯಲ್ಲಿಲ್ಲ ಅಂತ ಎಲ್‌ಡಿಎಲ್ ಅನ್ನು ಬಿಟ್ಟುಬಿಡಬೇಡಿ. ಹೃದಯಾಘಾತ ತಡೆಯಲು ಸ್ಟ್ಯಾಟಿನ್ ಅನ್ನುವ ಮಾತ್ರೆ ಕೊಡುವುದು ಅದನ್ನು ಇಳಿಸಲಿಕ್ಕೇ. ಈ ಸಿಂಡ್ರೋಮ್ ಅನ್ನೋದು ಒಂದು ಕಾಯಿಲೆಯ ಹೆಸರಾ, ಸುಮ್ನೆ ಐದು ವಿಷಯಗಳ ಗಂಟಾ ಅಂತ 2005ರಲ್ಲಿ ಅಮೆರಿಕ ಮತ್ತು ಯುರೋಪಿನ ಡಯಾಬಿಟಿಸ್ ಸಂಘಗಳೇ ಪ್ರಶ್ನೆ ಎತ್ತಿದ್ದವು. ನನಗೂ ಅದು ಗಂಟು ಅಂತಲೇ ಕಾಣುತ್ತದೆ, ಆದರೆ ಮಾವನಂಥವರನ್ನು ಹಿಡಿದು ಕೂರಿಸಲು ಉಪಯೋಗದ ಗಂಟು.

ಅತ್ತೆ ಮಾಡಿದ ಮೊದಲ ಕೆಲಸ ಮೊಟ್ಟೆ ನಿಲ್ಲಿಸಿದ್ದು, ಗಸಿಗೆ ತೆಂಗಿನಕಾಯಿ ಕಡಿಮೆ ಮಾಡಿದ್ದು. ತೆಂಗಿನಕಾಯಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ. ಅದರ ಸ್ಯಾಚುರೇಟೆಡ್ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ ಅನ್ನುವುದು ನಿಜ. ಆದರೆ ಮಾವನ ತೊಂದರೆ ಟ್ರೈಗ್ಲಿಸರೈಡ್. ಅದನ್ನು ಏರಿಸುವುದು ಮೂರು ಹೊತ್ತಿನ ಅನ್ನ, ಸಕ್ಕರೆ ಹಾಕಿದ ಐದು ಚಾ, ಸಂಜೆಯ ಗೋಳಿಬಜೆ, ಶನಿವಾರದ ಎರಡು ಪೆಗ್. ಬಂಗುಡೆ ಗಸಿಯನ್ನು ಬಿಡಬೇಕಾಗಿರಲಿಲ್ಲ, ಜೊತೆಗಿನ ಕುಚ್ಚಲಕ್ಕಿ ಅನ್ನದ ಗುಡ್ಡ ಇಳಿಸಬೇಕಿತ್ತು.

ಐದು ತಿಂಗಳು ಬೆಳಗ್ಗೆ ಬೀಚಿನಲ್ಲಿ ನಡೆದು, ಪೆಗ್ ಬಿಟ್ಟು, ಮತ್ತೆ ಪರೀಕ್ಷೆ ಮಾಡಿಸಿದರು. ಒಟ್ಟು ಕೊಲೆಸ್ಟ್ರಾಲ್ 176, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 170, ಸಕ್ಕರೆ 98, ಎಲ್‌ಡಿಎಲ್ 106. ಮಾವ ಸಿಟ್ಟಾಗಿ ಫೋನ್ ಮಾಡಿದರು. "ಇಷ್ಟು ನಡೆದು ಕೆಟ್ಟದ್ದೇ ಜಾಸ್ತಿಯಾಯ್ತಲ್ಲ!" ನಾನ್-ಎಚ್‌ಡಿಎಲ್ ಹಾಕಿ ನೋಡಿ: 176ರಲ್ಲಿ 36 ಹೋದರೆ 140, ಮೊದಲಿಗಿಂತ 8 ಕಡಿಮೆ. ಟ್ರೈಗ್ಲಿಸರೈಡ್ ಇಳಿದಾಗ ಎಲ್‌ಡಿಎಲ್ ಕಣ ದೊಡ್ಡದಾಗಿ, ಒಂದೊಂದರಲ್ಲೂ ಬಾಕ್ಸ್ ಜಾಸ್ತಿ ತುಂಬಬಹುದು. ಅಲ್ಲದೆ ಐದಾರು ಅಂಕಿಯ ಏರಿಳಿತ ಇವತ್ತಿಗೂ ನಾಳೆಗೂ ಇರುತ್ತದೆ.

ಲೆಕ್ಕದಲ್ಲಿ ಇನ್ನೂ ಮೂರು ಉಳಿದಿವೆ, ಸಿಂಡ್ರೋಮ್ ಹೋಗಿಲ್ಲ. ಟೇಪ್ ಹಿಡಿದರೆ 91. ಪ್ಯಾಂಟ್ ಸೈಜ್ ಮಾತ್ರ ಈಗಲೂ 34.