ದಿವಾಳಿ ಒಂದು, ಕೋರ್ಟು ಹಲವು

2016ರ ನವೆಂಬರ್ 18ರಂದು ಕರ್ನಾಟಕ ಹೈಕೋರ್ಟ್ ಕಿಂಗ್‌ಫಿಶರ್ ಏರ್‌ಲೈನ್ಸ್ ಕಂಪನಿಯನ್ನು ಮುಚ್ಚಲು ಆದೇಶಿಸಿತು. 2017ರ ಜನವರಿ 19ರಂದು ಬೆಂಗಳೂರಿನದೇ ಸಾಲ ವಸೂಲಾತಿ ನ್ಯಾಯಮಂಡಳಿ ಇನ್ನೊಂದು ಆದೇಶ ಕೊಟ್ಟಿತು: ಬ್ಯಾಂಕುಗಳು 6,203 ಕೋಟಿ ರೂಪಾಯಿಯನ್ನು ಶೇ 11.5 ಬಡ್ಡಿ ಸಮೇತ ವಸೂಲಿ ಮಾಡಿಕೊಳ್ಳಬಹುದು. ಫೆಬ್ರವರಿ 7ಕ್ಕೆ ಮತ್ತೆ ಹೈಕೋರ್ಟ್. ಈ ಸಲ ಮುಚ್ಚಬೇಕಾದದ್ದು ಏರ್‌ಲೈನ್ಸ್ ಸಾಲಕ್ಕೆ ಜಾಮೀನು ನಿಂತಿದ್ದ ಯುಬಿ ಹೋಲ್ಡಿಂಗ್ಸ್.

ಮೂರು ತಿಂಗಳು, ಮೂರು ಆದೇಶ, ಊರು ಒಂದೇ. ಎಲ್ಲವನ್ನೂ ಸೇರಿಸಿ ಒಂದೇ ಕಡೆ ಮುಗಿಸಬಹುದಿತ್ತು ಅಲ್ವಾ?

ಬೇರೆ ಬೇರೆ ದಾವೆಗಳನ್ನು ಒಟ್ಟಿಗೆ ನಡೆಸಿ ಎಂದು ನೇರವಾಗಿ ಹೇಳುವ ಕಲಂ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇಲ್ಲ. 10ನೇ ಕಲಂ ಇದೆ. ಅದು ಅದೇ ವಿಷಯಕ್ಕೆ ನಂತರ ಹೂಡಿದ ದಾವೆಯನ್ನು ನಿಲ್ಲಿಸುತ್ತದೆಯೇ ಹೊರತು ಮೊದಲಿನದಕ್ಕೆ ಸೇರಿಸುವುದಿಲ್ಲ. ಕೋರ್ಟುಗಳು 151ನೇ ಕಲಮಿನ ಸಹಜ ಅಧಿಕಾರ (ನ್ಯಾಯಕ್ಕೆ ಬೇಕಾದ ಆದೇಶ ಮಾಡುವ, ಕೋರ್ಟಿಗೆ ತಾನಾಗಿಯೇ ಇರುವ ಅಧಿಕಾರ) ಹಿಡಿದು ದಾರಿ ಮಾಡಿಕೊಂಡವು. ಚಿಟಿವಲಸ ಜ್ಯೂಟ್ ಮಿಲ್ಸ್ ಮತ್ತು ಜೇಪಿ ರೇವಾ ಸಿಮೆಂಟ್ ನಡುವೆ ಚೀಲದ ವ್ಯವಹಾರದಲ್ಲಿ ಜಗಳವಾದಾಗ ಒಬ್ಬರು ವಿಶಾಖಪಟ್ಟಣದಲ್ಲಿ, ಇನ್ನೊಬ್ಬರು ಮಧ್ಯಪ್ರದೇಶದ ರೇವಾದಲ್ಲಿ ದಾವೆ ಹೂಡಿದ್ದರು. ಎರಡೂ ಒಂದೇ ಕೋರ್ಟಿನಲ್ಲಿ ನಡೆಯಲಿ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು.

ದಿವಾಳಿಯಲ್ಲಿ ಜಗಳ ಇಬ್ಬರದಲ್ಲ. ಬ್ಯಾಂಕು, ಸರಕು ಕೊಟ್ಟವರು, ಸಂಬಳ ಬಾಕಿ ಇರುವ ನೌಕರರು, ತೆರಿಗೆ ಇಲಾಖೆ ಎಲ್ಲರ ಕಣ್ಣೂ ಅದೇ ಆಸ್ತಿಯ ಮೇಲೆ. ಮೊದಲು ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ತಂದವನು ಜಪ್ತಿ ಮಾಡಿಸಿಕೊಂಡು ಹೋದರೆ ಉಳಿದವರಿಗೆ ಖಾಲಿ ಕೈ. ಅದಕ್ಕೇ 1956ರ ಕಂಪನಿ ಕಾಯ್ದೆಯ 446ನೇ ಕಲಂ ಎರಡು ಕೆಲಸ ಮಾಡಿತು. ಮುಚ್ಚುವ ಆದೇಶವಾದ ಮೇಲೆ ಕಂಪನಿ ಮೇಲಿನ ದಾವೆ ಮುಂದುವರಿಸಲು ಹೈಕೋರ್ಟಿನ ಅನುಮತಿ ಬೇಕಿತ್ತು. ಜೊತೆಗೆ, ಬೇರೆ ಕೋರ್ಟಿನಲ್ಲಿರುವ ದಾವೆಯನ್ನು ಹೈಕೋರ್ಟ್ ತನ್ನ ಬಳಿಗೇ ತರಿಸಿಕೊಳ್ಳಬಹುದಿತ್ತು. ಒಟ್ಟುಗೂಡಿಸುವ ಅಧಿಕಾರ ಇಷ್ಟು ಸ್ಪಷ್ಟವಾಗಿ ಬರೆದದ್ದು ಅಪರೂಪ.

ಅದನ್ನು ಸಡಿಲ ಮಾಡಿದ್ದೂ ಕಾನೂನೇ. ರೋಗಗ್ರಸ್ತ ಕೈಗಾರಿಕೆಗಳ 1985ರ ಕಾಯ್ದೆಯಲ್ಲಿ 22ನೇ ಕಲಂ ಬಂತು. ಪ್ರಕರಣ ಬಿಐಎಫ್‌ಆರ್ (ರೋಗಗ್ರಸ್ತ ಕೈಗಾರಿಕೆಗಳ ಪುನಶ್ಚೇತನ ಮಂಡಳಿ) ಮುಂದೆ ಇರುವವರೆಗೆ ಅದರ ಒಪ್ಪಿಗೆಯಿಲ್ಲದೆ ವಸೂಲಿ ದಾವೆ ನಡೆಸುವಂತಿರಲಿಲ್ಲ. ಸುಸ್ತಿದಾರ ಕಂಪನಿಗಳಿಗೆ ಹಬ್ಬ. ಅಲ್ಲಿಗೊಂದು ಅರ್ಜಿ ಹಾಕಿ ವರ್ಷಗಟ್ಟಲೆ ಸುಮ್ನೆ ಕೂರುವುದೇ ಒಂದು ಉಪಾಯವಾಯಿತು. ಬ್ಯಾಂಕುಗಳಿಗಾಗಿ 1993ರಲ್ಲಿ ಪ್ರತ್ಯೇಕ ವಸೂಲಾತಿ ಕಾಯ್ದೆ ಬಂತು. ಅದರಡಿಯ ನ್ಯಾಯಮಂಡಳಿಗೆ ಹೋಗಲು ಕಂಪನಿ ಕೋರ್ಟಿನ (ಕಂಪನಿ ಮುಚ್ಚುವ ಪ್ರಕರಣ ನಡೆಸುವ ಹೈಕೋರ್ಟಿನ) ಅನುಮತಿ ಬೇಕಿಲ್ಲ ಎಂದು ಅಲಹಾಬಾದ್ ಬ್ಯಾಂಕ್–ಕೆನರಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. ಕಿಂಗ್‌ಫಿಶರ್ ವಿಷಯದಲ್ಲಿ ಹೈಕೋರ್ಟ್ ಒಂದು ಕಡೆ, ನ್ಯಾಯಮಂಡಳಿ ಇನ್ನೊಂದು ಕಡೆ ನಡೆದದ್ದು ಈ ವ್ಯವಸ್ಥೆಯಿಂದಲೇ.

2016ರ ದಿವಾಳಿ ಸಂಹಿತೆ ಇದನ್ನೆಲ್ಲ ಸರಿಪಡಿಸಲು ಹೊರಟಿತು. ಕಂಪನಿಯ ದಿವಾಳಿ ಅರ್ಜಿ ಅಂಗೀಕಾರವಾದ ದಿನದಿಂದ 14ನೇ ಕಲಮಿನಂತೆ ಕಂಪನಿ ಮೇಲಿನ ದಾವೆಗಳೆಲ್ಲ ಸ್ತಬ್ಧ. ಹಣ ಬರಬೇಕಾದವರು ಪರಿಹಾರ ವೃತ್ತಿಪರರ (ದಿವಾಳಿ ಪ್ರಕ್ರಿಯೆ ನಡೆಸಲು ನೇಮಕವಾದವರ) ಬಳಿ ಕ್ಲೇಮು ಹಾಕಬೇಕು. ಅಂದರೆ ದಾವೆಗಳನ್ನು ಸೇರಿಸುವ ಬದಲು ನಿಲ್ಲಿಸಿ, ಕ್ಲೇಮುಗಳನ್ನು ಮಾತ್ರ ಒಂದೆಡೆ ತಂದರು. ನನಗೆ ಇದು ಜಾಣತನದ ದಾರಿ ಅನಿಸುತ್ತದೆ, ವೇಗವೂ ಜಾಸ್ತಿ. ಆದರೆ ಕಂಪನಿ ತಾನೇ ಬೇರೆಯವರ ಮೇಲೆ ಹೂಡಿದ ದಾವೆಗೆ ಈ ತಡೆ ಸಾಮಾನ್ಯವಾಗಿ ತಟ್ಟುವುದಿಲ್ಲ. ಜಾಮೀನುದಾರರಿಗೂ ಇದರ ಆಸರೆ ಇಲ್ಲ.

ಕಂಪನಿಗೆ ಸಂಬಂಧಿಸಿದ ಪ್ರಶ್ನೆಗಳನ್ನು ದಿವಾಳಿ ಅರ್ಜಿ ಕೇಳುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯೇ (ಎನ್‌ಸಿಎಲ್‌ಟಿ) ತೀರ್ಮಾನಿಸಬಹುದು ಎನ್ನುತ್ತದೆ ಅದೇ ಸಂಹಿತೆಯ 60(5)ನೇ ಕಲಂ. ಎಲ್ಲವನ್ನೂ? ಅಲ್ಲ. ದಿವಾಳಿ ಪ್ರಕ್ರಿಯೆಯಲ್ಲಿದ್ದ ಟಿಫಿನ್ಸ್ ಬೆರೈಟಿಸ್ ಎಂಬ ಕಂಪನಿಯ ಗಣಿ ಗುತ್ತಿಗೆ ಮುಂದುವರಿಸಲು ಕರ್ನಾಟಕ ಸರ್ಕಾರ ಒಪ್ಪಲಿಲ್ಲ. ಚೆನ್ನೈನ ಎನ್‌ಸಿಎಲ್‌ಟಿ ಮುಂದುವರಿಸಿ ಎಂದು ಆದೇಶಿಸಿತು. ಸರ್ಕಾರ ನಮ್ಮ ಹೈಕೋರ್ಟಿಗೆ ಹೋಯಿತು. 2019ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟ್ ರಾಜ್ಯದ ಪರ ನಿಂತಿತು: ಗಣಿ ಕಾನೂನಿನಡಿ ಸರ್ಕಾರ ಮಾಡಿದ ತೀರ್ಮಾನವನ್ನು ಪರಿಶೀಲಿಸುವುದು ಎನ್‌ಸಿಎಲ್‌ಟಿ ಕೆಲಸವಲ್ಲ.

ಒಂದೇ ಗುಂಪಿನ ಕಂಪನಿಗಳು ಒಟ್ಟಿಗೆ ಮುಳುಗಿದರೆ ಏನು ಮಾಡಬೇಕು ಎಂಬ ಬಗ್ಗೆಯೂ ಸಂಹಿತೆ ಮೌನವಾಗಿತ್ತು. ವಿಡಿಯೊಕಾನ್ ಗುಂಪಿನ 15 ಕಂಪನಿಗಳ ಪೈಕಿ 13ರ ಪ್ರಕ್ರಿಯೆಯನ್ನು ಮುಂಬೈ ಎನ್‌ಸಿಎಲ್‌ಟಿ 2019ರ ಆಗಸ್ಟ್‌ನಲ್ಲಿ ಒಂದುಗೂಡಿಸಿತು. ಸಾಲಗಳು, ಆಸ್ತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ಮುಖ್ಯ ಕಾರಣ. ಉಳಿದ ಎರಡು ಪ್ರತ್ಯೇಕವಾಗಿಯೇ ನಡೆದವು. ಗುಂಪು ದಿವಾಳಿಗೆ ನಿಯಮ ಮಾಡಲು ಅವಕಾಶ ಕೊಡುವ ಕಲಂ ಕಾಣಿಸಿಕೊಂಡದ್ದು 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆಯಲ್ಲಿ.